ಅಕ್ಕನ ಕಿವಿಗೆ ಹೋದ ಧ್ವನಿ

ಜನವರಿ 8

ಸಭಾಂಗಣಕ್ಕೆ ಹೊಸ ಸೌಂಡ್ ಮಿಕ್ಸರ್ ಕೊನೆಗೂ ಬಂತು. ಹಳೆಯದು ಹದಿನೆಂಟು ವರ್ಷ ದುಡಿಯಿತು, ಪಾಪ. ಈಚೆಗೆ ಅದರ ಮೂರನೆಯ ಚಾನೆಲ್ ತಲೆಗೊಂದು ಏಟು ಬಿದ್ದರೆ ಮಾತ್ರ ಬಾಯಿ ಬಿಡುತ್ತಿತ್ತು. ಹೊಸದಕ್ಕೆ ಪರದೆ ಇದೆ, ಒಮ್ಮೆ ಮಾಡಿದ ಹೊಂದಾಣಿಕೆಯನ್ನೆಲ್ಲ ಹೆಸರು ಕೊಟ್ಟು ಒಳಗೇ ಉಳಿಸಿಡಬಹುದು. ಜೊತೆಗೆ ಬಂದ ಪುಸ್ತಕ ಇನ್ನೂರು ಪುಟ. ಬರೆದವನೂ ಅದನ್ನು ಪೂರ್ತಿ ಓದಿರಲಾರ. ಅದಕ್ಕೇ ಈ ನೋಟ್‌ಬುಕ್ ಶುರು ಮಾಡಿದ್ದೇನೆ. ಏನನ್ನು ಎಲ್ಲಿಟ್ಟೆ ಎಂದು ನನಗಾದರೂ ಗೊತ್ತಿರಲಿ.

ಮೊದಲು ಎಲ್ಲ ಫೇಡರ್, ಅಂದರೆ ಸದ್ದು ಏರಿಸಿ ಇಳಿಸುವ ಜಾರುಗುಂಡಿಗಳು, ಕೆಳಗೆ. ಮಿಕ್ಸರ್ ಮೊದಲು ಆನ್, ಸ್ಪೀಕರ್ ಆಮೇಲೆ. ಮುಚ್ಚುವಾಗ ಇದರ ಉಲ್ಟಾ. ತಪ್ಪಿದರೆ ಸಭಾಂಗಣ ಬೆಚ್ಚಿ ಬೀಳುವ ಹಾಗೆ ‘ಢಬ್’ ಅನ್ನುತ್ತದೆ. ಹಾಡುವವರಿಂದ ಅವರ ಅತಿ ಗಟ್ಟಿ ದನಿಯಲ್ಲಿ ಹಾಡಿಸಬೇಕು, ಮೈಕಿನಿಂದ ಒಳಬರುವ ಸದ್ದಿನ ಮಟ್ಟವನ್ನು, ಅದೇ ಗೇನ್, ಕೆಂಪು ದೀಪ ಹತ್ತದಷ್ಟಕ್ಕೆ ನಿಲ್ಲಿಸಬೇಕು. ಅದೊಂದು ಸರಿ ಇದ್ದರೆ ಮುಂದಿನದೆಲ್ಲ ಸಲೀಸು.

ಮ್ಯಾನೇಜರ್ ಬಂದು ಗುಂಡಿಗಳನ್ನು ನೋಡಿ, “ಇಷ್ಟೆಲ್ಲ ನಿನಗೆ ಬರುತ್ತೇನಯ್ಯ?” ಎಂದರು. “ಎಲ್ಲ ಬರುತ್ತೆ ಸಾರ್” ಎಂದೆ. ಅರ್ಧಕ್ಕರ್ಧ ಗೊತ್ತಿಲ್ಲ. ಅವರಿಗೆ ಸಮಾಧಾನವಾಯಿತಲ್ಲ, ಸಾಕು.

ಜನವರಿ 10

ಹೊಸ ಮಿಕ್ಸರಿನ ಮೊದಲ ಕಾರ್ಯಕ್ರಮ ಅಕ್ಕನದೇ. ಅವಳು ನನಗಿಂತ ಆರು ವರ್ಷ ದೊಡ್ಡವಳು. ಈ ಸಭಾಂಗಣದಲ್ಲಿ ಅವಳು ಹಾಡಲು ಶುರು ಮಾಡಿ ಮೂವತ್ತು ವರ್ಷವಾಯಿತು. ನಾನು ಇಲ್ಲಿಗೆ ಸೌಂಡಿನ ಕೆಲಸಕ್ಕೆ ಸೇರಿದ್ದೂ ಅವಳ ಮಾತಿನಿಂದಲೇ. ಭಾವ ತೀರಿಕೊಂಡ ಮೇಲೆ ಅವಳು ಮತ್ತು ಮಗಳು, ಇಬ್ಬರೇ. ನಾನು ಮದುವೆಯ ಗೋಜಿಗೆ ಹೋಗದೆ ಎರಡು ಬೀದಿ ಆಚೆಯ ಒಂದು ರೂಮಿನಲ್ಲಿ ಇದ್ದೇನೆ. ಮಧ್ಯಾಹ್ನದ ಊಟ ಅಕ್ಕನ ಮನೆಯಿಂದ ಡಬ್ಬಿಯಲ್ಲಿ ಬರುತ್ತದೆ.

ಮಧ್ಯಾಹ್ನ ಮೂರಕ್ಕೆ ಅಕ್ಕ ಧ್ವನಿ ಪರೀಕ್ಷೆಗೆ ಬಂದಳು. ವಯಲಿನ್ ಮೇಷ್ಟ್ರು ಆಗಲೇ ಬಂದು ತಂತಿ ಬಿಗಿಯುತ್ತಿದ್ದರು. ತಬಲಾದವನು ಇನ್ನೂ ಬಂದಿರಲಿಲ್ಲ. ಅವನನ್ನು ನಾವು ಗಡಿಯಾರ ಎನ್ನುತ್ತೇವೆ, ತಾಳವೊಂದು ಬಿಟ್ಟು ಬೇರೆ ಯಾವುದಕ್ಕೂ ಅವನು ಸಮಯಕ್ಕೆ ಬಂದವನಲ್ಲ.

ಅಕ್ಕ ಎರಡು ಸಾಲು ಹಾಡಿ ನಿಲ್ಲಿಸಿದಳು. “ಲೋ, ನಿನ್ನ ಹೊಸ ಡಬ್ಬ ಸರಿ ಇಲ್ಲ ಕಣೋ. ನನ್ನ ಧ್ವನಿ ಯಾಕೋ ಗರಗರ ಅಂತಿದೆ.”

ಹೆಡ್‌ಫೋನ್ ಹಾಕಿ ಕೇಳಿದೆ. ಡಬ್ಬದ ತಪ್ಪಲ್ಲ. ಮೇಲಿನ ಸ್ವರ ಮುಟ್ಟುವಾಗ ಅವಳ ಧ್ವನಿಯೇ ಸ್ವಲ್ಪ ಸೀಳುತ್ತಿತ್ತು. ಬಟ್ಟೆ ಮೊಳೆಗೆ ಸಿಕ್ಕಿ ಹರಿದ ಹಾಗೆ, ಒಂದೇ ಎಳೆ. ಅಕ್ಕನ ಮುಖ ಸಣ್ಣಗಾಗಿತ್ತು. “ಇರು, ಸೆಟ್ಟಿಂಗ್ ತಪ್ಪಾಗಿದೆ” ಎಂದೆ.

ಹಾಡುವವರ ಕಾಲ ಬಳಿ, ಅವರ ಕಡೆಗೇ ಮುಖ ಮಾಡಿ ಇಡುವ ಸ್ಪೀಕರಿಗೆ ಮಾನಿಟರ್ ಎನ್ನುತ್ತೇವೆ. ಹಾಡುವವರು ತಮ್ಮ ಧ್ವನಿಯನ್ನು ಕೇಳಿಸಿಕೊಳ್ಳುವುದು ಅದರಲ್ಲೇ. ಹಳೆಯ ಮಿಕ್ಸರಿನಲ್ಲಿ ಮಾನಿಟರಿಗೆ ಹೋಗುವ ಧ್ವನಿಯನ್ನು ಬೇರೆಯಾಗಿ ತಿದ್ದಲು ಆಗುತ್ತಿರಲಿಲ್ಲ. ಇದರಲ್ಲಿ ಆಗುತ್ತದೆ. ಕರ್ಕಶವಾದ ಭಾಗವನ್ನು ತಗ್ಗಿಸಿದೆ, ಕೆಳಗಿನ ದನಿಯನ್ನು ತುಸು ದಪ್ಪ ಮಾಡಿದೆ, ಮೇಲೆ ತೆಳ್ಳಗೆ ಎಕೋ ಹಚ್ಚಿದೆ. ಅಕ್ಕ ಮತ್ತೆ ಹಾಡಿದಳು. ಅವಳ ಮುಖ ಅರಳಿತು.

“ಹೀಗಿರಬೇಕು ನೋಡು! ಇಪ್ಪತ್ತು ವರ್ಷ ಚಿಕ್ಕವಳಾದೆ.”

‘ಅಕ್ಕ 1’ ಎಂದು ಹೆಸರು ಕೊಟ್ಟು ಉಳಿಸಿದೆ. ಸಂಜೆ ಸಭಾಂಗಣ ತುಂಬಿತ್ತು. ಚಪ್ಪಾಳೆ ಅವಳಿಗೆ ಬಿತ್ತು. ಅದರಲ್ಲಿ ನನ್ನ ಪಾಲೂ ಇದೆ ಎಂದು ಇಲ್ಲಿ ಬರೆದುಕೊಂಡರೆ ಯಾರಿಗೇನು ನಷ್ಟ?

ಫೆಬ್ರವರಿ 7

‘ಅಕ್ಕ 4.’ ಕರ್ಕಶ ಭಾಗ ಇನ್ನಷ್ಟು ಕೆಳಗೆ. ಎಕೋ ಇನ್ನಷ್ಟು ಮೇಲೆ. ಜನರಿಗೆ ಹೋಗುವ ಸ್ಪೀಕರಿನಲ್ಲಿ ವಯಲಿನ್ನನ್ನು ಸ್ವಲ್ಪ ಮುಂದೆ ತಂದರೆ ಅಕ್ಕನ ಧ್ವನಿಯ ಸೀಳು ಅದರೊಳಗೆ ಮುಚ್ಚಿಹೋಗುತ್ತದೆ. ಇದನ್ನು ಕಂಡುಹಿಡಿದ ಖುಷಿಯಲ್ಲಿ ಒಂದು ಟೀ ಜಾಸ್ತಿ ಕುಡಿದೆ.

ಊಟದ ಡಬ್ಬಿ ತಂದ ಅಕ್ಕನ ಮಗಳು ಹೊರಡದೆ ನಿಂತಳು. “ಮಾಮ, ಅಮ್ಮನ ಗಂಟಲು ಒಂದು ತಿಂಗಳಿಂದ ಸರಿಯಿಲ್ಲ. ಮನೇಲಿ ಮಾತಾಡಿದ್ರೆ ಮರ ಗರಗಸದಲ್ಲಿ ಕುಯ್ದ ಹಾಗಿರುತ್ತೆ. ಡಾಕ್ಟರ ಹತ್ರ ಹೋಗೋಣ ಅಂದ್ರೆ, ‘ಸ್ಟೇಜ್ ಮೇಲೆ ಚೆನ್ನಾಗೇ ಬರ್ತಿದೆಯಲ್ಲ, ನಿನಗ್ಯಾಕೆ?’ ಅಂತಾಳೆ. ನೀನಾದ್ರೂ ಹೇಳು.”

“ಚಳಿಗೆ ಹಾಗಾಗುತ್ತೆ ಪುಟ್ಟಿ, ತಲೆ ಕೆಡಿಸ್ಕೋಬೇಡ” ಎಂದೆ. ಅವಳು ನಗುತ್ತಾ ಹೋದಳು.

ಫೆಬ್ರವರಿ 22

ನಿನ್ನೆ ಕಾರ್ಯಕ್ರಮ ಮುಗಿದ ಮೇಲೆ ಕೇಬಲ್ ಸುತ್ತುತ್ತಿದ್ದೆ. ವಯಲಿನ್ ಮೇಷ್ಟ್ರು ಪೆಟ್ಟಿಗೆ ಮುಚ್ಚಿ ಹತ್ತಿರ ಬಂದರು. ಅಕ್ಕನ ಪಕ್ಕದಲ್ಲಿ ಇಪ್ಪತ್ತೈದು ವರ್ಷದಿಂದ ಕೂತು ನುಡಿಸುತ್ತಿರುವವರು. ಮಾತು ಕಡಿಮೆ.

“ಎಷ್ಟು ದಿನ ಅಂತ ಸುಣ್ಣ ಹೊಡೀತೀಯ?” ಎಂದರು.

“ಏನು ಮೇಷ್ಟ್ರೇ?”

“ನನ್ನ ಕಿವಿ ಅವಳ ಬಾಯಿಂದ ಎರಡು ಅಡಿ ದೂರದಲ್ಲಿರುತ್ತೆ ಮಾರಾಯ. ಗೋಡೆ ಬಿರುಕು ಬಿಟ್ಟಿದೆ. ಹೇಳಿಬಿಡು.”

“ನೀವೇ ಹೇಳಬಹುದಲ್ಲ?”

“ನಾನು ಹೇಳಿದ್ರೆ ಅವಳು ಮಾನಿಟರನ್ನ ನಂಬ್ತಾಳೋ ನನ್ನನ್ನೋ?”

ಮುದುಕರಿಗೆ ಎಲ್ಲದರಲ್ಲೂ ಅಪಶಕುನವೇ ಕಾಣುವುದು. ಅಕ್ಕ ಹಾಡಿ ಇಳಿದಾಗ ಎಷ್ಟು ಖುಷಿಯಾಗಿದ್ದಳು! ಆ ಖುಷಿಗೆ ಕಲ್ಲು ಹಾಕಲು ನನಗೆ ಬಾಯಿ ಬರುವುದಿಲ್ಲ. ದಣಿದಿದ್ದಾಳೆ, ಅಷ್ಟೇ. ಬೇಸಿಗೆ ಬಂದರೆ ಸರಿಹೋಗುತ್ತದೆ.

ಮಾರ್ಚ್ 14

ಇವತ್ತು ಎರಡನೆಯ ಹಾಡಿನ ನಡುವೆ ಗಡಿಯಾರನ ಕಾಲು ತಾಗಿ ಮಾನಿಟರಿನ ಕೇಬಲ್ ಕಳಚಿಕೊಂಡಿತು. ಅಕ್ಕ ಸಾಲಿನ ಮಧ್ಯೆಯೇ ನಿಂತುಬಿಟ್ಟಳು. ಹಾಡು ಮರೆತವಳಂತೆ ಅಲ್ಲ, ಯಾರೋ ಹಿಂದಿನಿಂದ ಕೂಗಿದರೇನೋ ಎಂದು ತಿರುಗಿ ನೋಡುವವಳಂತೆ. ಆಮೇಲೆ ಸಭಾಂಗಣದ ಕೊನೆಯಲ್ಲಿ ಕೂತಿದ್ದ ನನ್ನನ್ನು ನೋಡಿದಳು. ಮೇಷ್ಟ್ರು ಆ ಸಾಲನ್ನು ವಯಲಿನ್ನಿನಲ್ಲಿ ಎತ್ತಿಕೊಂಡು ಮುಗಿಸಿದರು. ನಾನು ಓಡಿಹೋಗಿ ಕೇಬಲ್ ಸಿಕ್ಕಿಸಿದೆ.

ಮುಗಿದ ಮೇಲೆ ಕೇಳಿದಳು: “ಮಧ್ಯದಲ್ಲಿ ನನ್ನ ಧ್ವನಿಗೆ ಏನಾಯ್ತೋ?”

ಮೇಷ್ಟ್ರು ವಯಲಿನ್ ಒರೆಸುತ್ತಾ ನನ್ನನ್ನೇ ನೋಡುತ್ತಿದ್ದರು.

“ಕೇಬಲ್ ಬಿಟ್ಟುಹೋಗಿತ್ತು ಅಕ್ಕ. ಅದಕ್ಕೆ ಹಾಗೆ ಕೇಳಿಸ್ತು.”

“ಅಬ್ಬ! ನನ್ನ ಗಂಟಲೇ ಹೋಯ್ತೇನೋ ಅಂತ ಎದೆ ಧಸಕ್ಕೆಂದಿತ್ತು” ಎಂದು ನಕ್ಕಳು.

ಮೇಷ್ಟ್ರು ಪೆಟ್ಟಿಗೆ ಮುಚ್ಚಿ ಹೊರಟುಹೋದರು. ಈಗ ‘ಅಕ್ಕ 9’.

ಏಪ್ರಿಲ್ 13

ಅಕ್ಕನಿಗೆ ನುಂಗಲು ಕಷ್ಟ. ಎಡಗಿವಿ ನೋವಂತೆ. ಬೆಳಿಗ್ಗೆ ಕೆಮ್ಮಿದಾಗ ಕರವಸ್ತ್ರದಲ್ಲಿ ರಕ್ತ ಕಂಡಿತಂತೆ. ಮಗಳು ಯಾರ ಮಾತನ್ನೂ ಕೇಳದೆ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಗಂಟಲೊಳಗಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ.

ಶನಿವಾರದ ಕಾರ್ಯಕ್ರಮ ರದ್ದು. “ನೆಗಡಿ” ಎಂದು ಮ್ಯಾನೇಜರಿಗೆ ಹೇಳಿದೆ.

ಏಪ್ರಿಲ್ 20

ಡಾಕ್ಟರು ಹೆಂಗಸು, ನನ್ನ ವಯಸ್ಸಿನವರು. ಕಾಗದದ ಮೇಲೆ ಗಂಟಲಿನ ಚಿತ್ರ ಬರೆದು ವಿವರಿಸಿದರು. ಗಡ್ಡೆ. ಕ್ಯಾನ್ಸರ್. ಧ್ವನಿಪೆಟ್ಟಿಗೆಯ ಒಂದು ಕಡೆಯಿಂದ ಇನ್ನೊಂದು ಕಡೆಗೂ ದಾಟಿದೆ.

“ಧ್ವನಿ ಒಡೆಯೋಕೆ ಶುರುವಾಗಿ ಎಷ್ಟು ದಿನ ಆಯ್ತು?”

“ಈಗ ಮೂರು ವಾರ ಇರಬಹುದು” ಎಂದಳು ಅಕ್ಕ. “ಮನೇಲಿ ಸ್ವಲ್ಪ ಗೊರಗೊರ ಅಂತಿತ್ತು, ಮಾತಾಡಿ ಮಾತಾಡಿ ಅಂದ್ಕೊಂಡೆ. ಮಾರ್ಚ್‌ನಲ್ಲೂ ಹಾಡಿದೀನಲ್ಲ, ಚೆನ್ನಾಗೇ ಬರ್ತಿತ್ತು. ಬೇಕಾದ್ರೆ ಇವನನ್ನೇ ಕೇಳಿ, ಸೌಂಡ್ ಇವನದೇ.”

ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಚಿತ್ರವನ್ನೇ ನೋಡುತ್ತಿದ್ದೆ.

“ಚಳಿಗಾಲದಲ್ಲೇ ಬಂದಿದ್ರೆ ರೇಡಿಯೇಶನ್ನಲ್ಲೇ ಮುಗಿಸಬಹುದಿತ್ತೇನೋ. ಖಂಡಿತ ಅಂತ ಹೇಳಲಾರೆ. ಈಗ ಪೆಟ್ಟಿಗೇನೇ ತೆಗೀಬೇಕು. ಜೀವ ಉಳಿಯುತ್ತೆ. ಧ್ವನಿ ಉಳಿಯಲ್ಲ.”

ಮೇ 6ಕ್ಕೆ ಶಸ್ತ್ರಚಿಕಿತ್ಸೆ. ಉಸಿರಾಡಲು ಕತ್ತಿನಲ್ಲಿ ತೂತು ಮಾಡುತ್ತಾರೆ. ಅಕ್ಕ ಅಳಲಿಲ್ಲ. “ಊಟ ರುಚಿ ಗೊತ್ತಾಗುತ್ತಾ?” ಎಂದು ಮಾತ್ರ ಕೇಳಿದಳು.

ಏಪ್ರಿಲ್ 21

ಹೇಳಲಿಲ್ಲ.

ಏಪ್ರಿಲ್ 22

ಇವತ್ತೂ ಇಲ್ಲ. ಅವಳ ಮನೆಯ ಮೆಟ್ಟಿಲವರೆಗೆ ಹೋಗಿ ವಾಪಸ್ ಬಂದೆ. ಒಳಗೆ ಶಿಷ್ಯೆಯೊಬ್ಬಳು ಪಾಠ ಹೇಳಿಸಿಕೊಳ್ಳುತ್ತಿದ್ದಳು. ಅಕ್ಕ ಹಾಡಿ ತೋರಿಸಲಾಗದೆ ಮೇಜು ತಟ್ಟಿ ತೋರಿಸುತ್ತಿದ್ದಳು.

ಏಪ್ರಿಲ್ 24

ಹೇಳಿದೆ.

ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಮಗಳು ಕೆಲಸಕ್ಕೆ ಹೋಗಿದ್ದಳು. ನಾನೂ ಕೂತು ಸುಲಿಯತೊಡಗಿದೆ. ನಾಲ್ಕೈದು ಕಾಯಿ ಆದ ಮೇಲೆ ಎಲ್ಲ ಹೇಳಿಬಿಟ್ಟೆ. ಜನವರಿಯಲ್ಲೇ ಧ್ವನಿ ಸೀಳಿದ್ದು, ಮಾನಿಟರಿನಲ್ಲಿ ಮುಚ್ಚಿದ್ದು, ಕೇಬಲ್ ಕಳಚಿದ ದಿನ ಅವಳು ಕೇಳಿಸಿಕೊಂಡದ್ದೇ ಅವಳ ನಿಜವಾದ ಧ್ವನಿ ಎನ್ನುವುದು. ಒಂಬತ್ತು ಸೆಟ್ಟಿಂಗುಗಳ ಲೆಕ್ಕವನ್ನೂ ಕೊಟ್ಟೆ.

ಅವಳ ಕೈ ನಿಂತಿತು.

“ಜನಕ್ಕೆ ಮುಚ್ಚಿಟ್ಟೆ ಅಂದಿದ್ರೆ ಒಪ್ಕೋತಿದ್ದೆ. ಅದು ನಿನ್ನ ಕೆಲಸ” ಎಂದಳು. ಧ್ವನಿ ಗಾಳಿಯ ಹಾಗಿತ್ತು. “ನನ್ನ ಕಿವಿಗೇ ಸುಳ್ಳು ಹೇಳಿದೆಯಲ್ಲೋ.”

“ಅಕ್ಕ, ನೀನು ಆ ದಿನ ಎಷ್ಟು ಖುಷಿಯಾಗಿದ್ದೆ ಅಂದ್ರೆ…”

“ಹೊರಡು.”

“ಅಕ್ಕ…”

“ಹೊರಡು ಅಂದೆ.”

ಮಡಿಲಲ್ಲಿ ಬಟಾಣಿ ಇರುವುದನ್ನು ಮರೆತು ಎದ್ದೆ. ನೆಲದ ತುಂಬ ಚೆಲ್ಲಿದವು. ಆರಿಸಲು ಬಗ್ಗಿದೆ. ಬೇಡ ಎಂದು ಕೈ ಆಡಿಸಿದಳು.

ಏಪ್ರಿಲ್ 25

ಊಟದ ಡಬ್ಬಿ ಬಂತು. ಬರುವುದಿಲ್ಲ ಎಂದುಕೊಂಡಿದ್ದೆ. ಅಕ್ಕನ ಮಗಳು ಅದನ್ನು ಬಾಗಿಲಲ್ಲೇ ಇಟ್ಟು, “ನೀನು ಚಳಿಗೆ ಅಂತ ಹೇಳಿದೆ ಮಾಮ” ಎಂದಳು. ಹಾಗೇ ತಿರುಗಿ ಹೋದಳು.

ಏಪ್ರಿಲ್ 28

ಅಕ್ಕ ಮಾತಾಡುವುದಿಲ್ಲ. ಮೂರು ಸಲ ಹೋದೆ. ಬಾಗಿಲು ತೆಗೆದು ಒಳಗೆ ಹೋಗಿ ಕೂರುತ್ತಾಳೆ. ನಾನು ಒಂದಷ್ಟು ಹೊತ್ತು ಕೂತು ಬರುತ್ತೇನೆ. ಅವಳ ಧ್ವನಿಗೆ ಉಳಿದಿರುವುದು ಎಂಟು ದಿನ. ಅದರಲ್ಲಿ ಒಂದೊಂದೇ ದಿನವನ್ನು ನನ್ನ ಮೇಲಿನ ಕೋಪಕ್ಕೆ ಸುರಿಯುತ್ತಿದ್ದಾಳೆ. ಅದೂ ನಾನೇ ಮಾಡಿದ್ದು.

ಸಭಾಂಗಣದಲ್ಲಿ ಯಾರದೋ ಭಾಷಣವಿತ್ತು. ಒಂದೇ ಮೈಕ್. ಮಾತಾಡಿದವರು ಕೊನೆಗೆ ಬಂದು, “ನನ್ನ ಧ್ವನಿ ಚೆನ್ನಾಗಿ ಕೇಳಿಸ್ತಾ?” ಎಂದರು. “ಮೈಕಿಂದ ದೂರ ನಿಂತಿದ್ರಿ, ಹಿಂದಿನ ಸಾಲಿಗೆ ಅರ್ಧ ಮಾತು ಹೋಗಲಿಲ್ಲ” ಎಂದೆ. ಅವರಿಗೆ ಹಿಡಿಸಲಿಲ್ಲ.

ಮೇ 2

ಬೆಳಿಗ್ಗೆ ಅಕ್ಕನ ಫೋನ್. ಎಂಟು ದಿನದ ಮೇಲೆ ಮೊದಲ ಮಾತು: “ಮಿಕ್ಸರ್ ತಗೊಂಡು ಬಾ. ಒಂದು ಮೈಕು, ಆ ಮಾನಿಟರು.”

ಮ್ಯಾನೇಜರನ್ನು ಕೇಳಿ ಆಟೋದಲ್ಲಿ ಹಾಕಿಕೊಂಡು ಹೋದೆ. ಅವಳು ಪಾಠ ಹೇಳುವ ಕೋಣೆಯಲ್ಲಿ ಎಲ್ಲವನ್ನೂ ಹರಡಿದೆ. ಅವಳು ಕುರ್ಚಿಯಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು.

“ಏನೂ ಹಚ್ಚಬೇಡ. ನಾನು ಹೇಗಿದೀನೋ ಹಾಗೆ ಕೇಳಿಸಬೇಕು.”

ಎಲ್ಲ ಗುಂಡಿಗಳನ್ನೂ ಸೊನ್ನೆಗೆ ತಂದೆ. ಎಕೋ ತೆಗೆದೆ. ಪರದೆಯ ಮೇಲಿನ ಗೆರೆ ಎಲ್ಲೂ ಏರದೆ ಇಳಿಯದೆ ನೆಟ್ಟಗೆ ಮಲಗಿತು. ಅವಳಿಗೆ ಪರದೆ ತೋರಿಸಿದೆ. ಅರ್ಥವಾಗಲಿಲ್ಲವೇನೋ, ಆದರೂ ನೋಡಿದಳು. ಗೇನ್ ಇಡಲು ಗಟ್ಟಿಯಾಗಿ ಹಾಡು ಎಂದು ಹೇಳಬೇಕಿತ್ತು. ಹೇಳಲಾಗಲಿಲ್ಲ, ಅಂದಾಜಿನಲ್ಲಿ ಇಟ್ಟೆ.

ಒಂದು ಸಾಲು ಹಾಡಿದಳು. ಕೆಳಗಿನ ಸ್ವರಗಳು ಒಡೆದು ಒಡೆದು ಬಂದವು. ಮೇಲಿನದಕ್ಕೆ ಹೋದಾಗ ಸ್ವರವೇ ಇಲ್ಲ. ಬಾಯಿ ತೆರೆದಿದೆ, ಕೈ ಮೇಲೆದ್ದಿದೆ, ಮಾನಿಟರಿನಲ್ಲಿ ಬರಿ ಗಾಳಿ.

“ಹೀಗಿದೀನಾ ನಾನು” ಎಂದಳು.

ಮಗಳು ಬಾಗಿಲಲ್ಲಿ ನಿಂತು, “ಅಮ್ಮಾ, ಏನಾದ್ರೂ ಮಾತಾಡು, ರೆಕಾರ್ಡ್ ಮಾಡಿಟ್ಕೋತೀನಿ” ಎಂದಳು. ಅಕ್ಕ ತಲೆಯಾಡಿಸಿದಳು. “ಹಾಡಿದ್ದು ಬೇಕಾದಷ್ಟಿದೆ, ಅದನ್ನ ಕೇಳು. ಇದು ಬೇಡ. ಇವನ ಜೊತೆ ಸ್ವಲ್ಪ ಮಾತಿದೆ, ನೀನು ಆಚೆ ಹೋಗು. ಲೋ, ಮೈಕ್ ಆಫ್ ಮಾಡು.”

ಆಮೇಲೆ ಮುಕ್ಕಾಲು ಗಂಟೆ ಬೈದಳು. ರೂಮಿಗೆ ಬಂದ ತಕ್ಷಣ ನೆನಪಿದ್ದಷ್ಟನ್ನು ಬರೆಯುತ್ತಿದ್ದೇನೆ.

“ನಿನಗೆ ಮೊದಲಿಂದಲೂ ಇದೇ ರೋಗ. ನಾನು ಹಾರ್ಮೋನಿಯಂ ಬೀಳಿಸಿ ಒಡೆದಾಗ, ನೀನು ‘ನಾನೇ ಒಡೆದಿದ್ದು’ ಅಂತ ಹೇಳಿ ಅಪ್ಪನ ಹತ್ರ ಏಟು ತಿಂದೆ. ನಾನು ಒಳ್ಳೆಯವಳಾದೆ. ಅವತ್ತೇ ನಿನ್ನ ಕಿವಿ ಹಿಂಡಬೇಕಿತ್ತು. ನಿಮ್ಮ ಭಾವ ಇನ್ನು ಬದುಕಲ್ಲ ಅಂತ ಡಾಕ್ಟರು ನಿನಗೆ ಹೇಳಿದ್ರು. ನೀನು ‘ನಾಳೆ ಮನೆಗೆ ಕಳಿಸ್ತಾರಂತೆ’ ಅಂದೆ. ನಾನು ಮನೆಗೆ ಹೋಗಿ ಹಾಸಿಗೆ ಸರಿಮಾಡ್ತಾ ಇದ್ದೆ ಕಣೋ, ಅವರು ಅಲ್ಲಿ ಒಬ್ಬರೇ ಹೋದ್ರು. ಅದಕ್ಕೂ ನಿನ್ನನ್ನ ಏನೂ ಅನ್ನಲಿಲ್ಲ. ತಮ್ಮ, ನೋವಾಗಬಾರದು ಅಂತ ಮಾಡಿದ್ದಾನೆ ಅಂದ್ಕೊಂಡೆ. ಯಾರಿಗೆ ನೋವಾಗಬಾರದು ಅಂತ? ನನಗೆ ಅಲ್ಲ. ನನ್ನ ಮುಖ ಸಣ್ಣಗಾಗೋದನ್ನ ನೋಡೋಕೆ ನಿನಗೆ ಆಗಲ್ಲ. ಅಷ್ಟಕ್ಕೋಸ್ಕರ ನನ್ನ ಮೂರು ತಿಂಗಳು ತಿಂದುಬಿಟ್ಟೆ.”

ಭಾವನ ವಿಷಯ ಅವಳ ಮನಸ್ಸಿನಲ್ಲಿ ಇನ್ನೂ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಹನ್ನೊಂದು ವರ್ಷವಾಯಿತು.

ನಡುನಡುವೆ ಕೆಮ್ಮು ಬಂದಾಗ ನೀರು ಕೊಟ್ಟೆ. ಕುಡಿದು ಮತ್ತೆ ಶುರು ಮಾಡಿದಳು. ನನ್ನ ಕೊಳಕು ರೂಮು, ತೊಳೆಯದೆ ವಾಪಸ್ ಕಳಿಸುವ ಡಬ್ಬಿ, ಒಂದನ್ನೂ ಬಿಡಲಿಲ್ಲ. ಕೊನೆಗೆ ದಣಿದು ಕುರ್ಚಿಗೆ ಒರಗಿದಳು.

“ಕ್ಷಮಿಸಿದೀನಿ ಅಂತ ಹೇಳಲ್ಲ. ಹೇಳಿದ್ರೆ ಅದೂ ಸುಳ್ಳೇ. ಆದ್ರೆ ಬುಧವಾರ ಆಸ್ಪತ್ರೆಗೆ ನೀನು ಬರಬೇಕು. ಅವಳೊಬ್ಬಳಿಗೇ ಆಗಲ್ಲ.”

“ಇನ್ನು ಮೇಲೆ ಹಾಗೆ ಮಾಡಲ್ಲ ಅಕ್ಕ.”

“ಇನ್ನು ಮೇಲೆ ನಾನು ಹಾಡಿದ್ರೆ ತಾನೆ ನೀನು ಮಾಡೋದು!” ಎಂದು ನಕ್ಕಳು. ನಗು ಕೆಮ್ಮಾಯಿತು. ಬೆನ್ನು ನೀವಿದೆ. ಕೈ ತಳ್ಳಲಿಲ್ಲ.

ಮೇ 6

ಒಳಗೆ ಕರೆದೊಯ್ಯುವ ಮುಂಚೆ ಅಕ್ಕ ಮಗಳನ್ನು ಅವಳ ಎಲ್ಲ ಮುದ್ದಿನ ಹೆಸರುಗಳಿಂದಲೂ ಒಂದಾದ ಮೇಲೊಂದು ಕರೆದಳು. ಪುಟ್ಟಿ, ಬಂಗಾರಿ, ಗುಬ್ಬಿ, ಇಲಿಮರಿ. ಅದಕ್ಕೆಲ್ಲ ಮಗಳು “ಹೂಂ” “ಹೂಂ” ಎನ್ನುತ್ತಾ ಹೋದಳು.

ನನ್ನನ್ನು ನೋಡಿ, “ಊಟ ಮಾಡ್ಕೊಂಡು ಬಂದ್ಯೇನೋ?” ಎಂದಳು.

“ಇಲ್ಲ” ಎಂದೆ.

“ಹೋಗಿ ಮಾಡು.”

ಬಾಗಿಲು ಮುಚ್ಚಿತು. ಏಳು ಗಂಟೆ ಹಿಡಿಯಿತು. ವಯಲಿನ್ ಮೇಷ್ಟ್ರು ಮಧ್ಯಾಹ್ನ ಬಂದು ನನ್ನ ಪಕ್ಕದ ಬೆಂಚಿನ ಮೇಲೆ ಕೂತರು. ಗಡಿಯಾರ ಅವರಿಗಿಂತ ಮುಂಚೆಯೇ ಬಂದಿದ್ದ.

ಮೇ 8

ಎಚ್ಚರವಾಗಿದ್ದಾಳೆ. ಮೂಗಿಗೆ ನಳಿಕೆ, ಕತ್ತಿಗೆ ಬಟ್ಟೆ. ನನ್ನನ್ನು ನೋಡಿ ಅಭ್ಯಾಸಬಲದಿಂದ ಬಾಯಿ ತೆರೆದಳು. ತುಟಿಗಳು ‘ಲೋ’ ಎಂದವು. ಶಬ್ದವಿಲ್ಲ. ಅವಳಿಗೂ ಆಗಲೇ ನೆನಪಾಯಿತು. ಮುಖ ಗೋಡೆಯ ಕಡೆಗೆ ತಿರುಗಿಸಿದಳು.

ಮೇ 30

ಮನೆಗೆ ಬಂದು ನಾಲ್ಕು ದಿನವಾಯಿತು. ಬರೆಯಲು ಒಂದು ಬಿಳಿ ಹಲಗೆ ತಂದುಕೊಟ್ಟಿದ್ದೇನೆ. ಹೆಚ್ಚು ಬರೆಯುವುದಿಲ್ಲ. ರೇಡಿಯೋ ಹಾಕಿದರೆ ಆರಿಸುತ್ತಾಳೆ. ಶಿಷ್ಯೆಯರು ಬಂದರೆ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಇವತ್ತು ಹಲಗೆಯ ಮೇಲೆ, “ನಾನು ಇನ್ನು ಸರಿಹೋಗ್ತೀನಾ?” ಎಂದು ಬರೆದು ನನ್ನ ಮುಂದೆ ಹಿಡಿದಳು.

“ಗೊತ್ತಿಲ್ಲ ಅಕ್ಕ. ಇನ್ನೂ ಎರಡು ವರ್ಷ ನೋಡಬೇಕು ಅಂದ್ರು ಡಾಕ್ಟರು. ಧ್ವನಿ ಅಂತೂ ಬರಲ್ಲ” ಎಂದೆ.

ಅವಳು ಬಹಳ ಹೊತ್ತು ಅತ್ತಳು. ಅಳುವಿಗೂ ಶಬ್ದವಿಲ್ಲ, ಕತ್ತಿನ ಬಟ್ಟೆ ಮಾತ್ರ ಏರಿಳಿಯುತ್ತಿತ್ತು. ನಾನು ಎದ್ದು ಹೋಗಲಿಲ್ಲ, ಅವಳ ಮುಖವನ್ನು ನೋಡುತ್ತಾ ಅಲ್ಲೇ ಕೂತಿದ್ದೆ.

ಜುಲೈ 18

ಅಕ್ಕನ ಹಿರಿಯ ಶಿಷ್ಯೆಯ ಕಾರ್ಯಕ್ರಮವಿತ್ತು. ಇದು ಅವಳೊಬ್ಬಳದೇ ಮೊದಲನೆಯದು. ಬರುವುದಿಲ್ಲ ಎಂದಿದ್ದ ಅಕ್ಕ ನಾಲ್ಕು ಗಂಟೆಗೆ ಮಗಳ ಕೈ ಹಿಡಿದುಕೊಂಡು ಬಂದಳು. ಮುಂದಿನ ಸಾಲಿಗೆ ಹೋಗದೆ ಮಿಕ್ಸರಿನ ಬಳಿ, ನನ್ನ ಪಕ್ಕದಲ್ಲಿ ಕೂತಳು. ಮೂವತ್ತು ವರ್ಷದಲ್ಲಿ ಅವಳು ಸಭಾಂಗಣವನ್ನು ಈ ಕಡೆಯಿಂದ ನೋಡಿದ್ದು ಇದೇ ಮೊದಲು.

ಹುಡುಗಿ ಚೆನ್ನಾಗಿ ಹಾಡಿದಳು. ಮೂರನೆಯ ಹಾಡಿನಲ್ಲಿ ಮಾತ್ರ ಹೆದರಿ, ಒಂದು ಕಡೆ ಶ್ರುತಿ ಬಿಟ್ಟು ಅವಸರವಾಗಿ ದಾಟಿಬಿಟ್ಟಳು. ಜನಕ್ಕೆ ಗೊತ್ತಾಗಲಿಲ್ಲ, ಚಪ್ಪಾಳೆ ಜೋರಾಗಿತ್ತು. ಅಕ್ಕ ಹಲಗೆಯ ಮೇಲೆ ಬರೆದು ನನ್ನ ಕಡೆ ಸರಿಸಿದಳು: “ಮೂರನೇದು ಅವಳಿಗೆ ಇನ್ನೂ ಬಂದಿಲ್ಲ.”

ಮುಗಿದ ಮೇಲೆ ವೇದಿಕೆಯ ಹಿಂದಿನ ಕೋಣೆಗೆ ಹೋದೆವು. ಹುಡುಗಿ ಹೂಗುಚ್ಛ ಹಿಡಿದುಕೊಂಡು, ಕಣ್ಣರಳಿಸಿ ನಿಂತಿದ್ದಳು. “ಹೇಗಿತ್ತು ಮಾಮ?”

“ಎಲ್ಲ ಚೆನ್ನಾಗಿತ್ತಮ್ಮ. ಮೂರನೇದು ಇನ್ನೂ ಕಲೀಬೇಕು.”

ಅವಳ ಮುಖ ಇಳಿಯಿತು. “ಮೇಡಂ ಹೇಳಿದ್ರಾ?”

“ಬರೆದ್ರು. ನನಗೂ ಹಾಗೇ ಕೇಳಿಸ್ತು.”

ಹೂಗುಚ್ಛವನ್ನು ಕುರ್ಚಿಯ ಮೇಲಿಟ್ಟಳು. ಕಣ್ಣು ತುಂಬಿತ್ತು. ಒರೆಸಿಕೊಂಡು ಅಕ್ಕನ ಎದುರಿಗೆ ಕೂತು ಕೇಳಿದಳು: “ಎಲ್ಲಿ ತಪ್ಪಿತು ಮೇಡಂ?”

ಅಕ್ಕ ಹಲಗೆ ಪಕ್ಕಕ್ಕಿಟ್ಟಳು. ಬೆರಳಿನಿಂದ ಮೇಜು ತಟ್ಟುತ್ತಾ, ಇನ್ನೊಂದು ಕೈಯನ್ನು ಮೆಲ್ಲಗೆ ಮೇಲಕ್ಕೆತ್ತಿ, ಒಂದು ಕಡೆ ತಡೆದು ನಿಲ್ಲಿಸಿದಳು. ಅಲ್ಲಿ. ಹುಡುಗಿ ಆ ಸಾಲು ಹಾಡಿದಳು, ಮೈಕ್ ಇಲ್ಲ, ಏನೂ ಇಲ್ಲ. ತಪ್ಪಿತು. ಮತ್ತೆ ಹಾಡಿದಳು. ಮತ್ತೆ. ವಯಲಿನ್ ಮೇಷ್ಟ್ರು ಪೆಟ್ಟಿಗೆ ಮುಚ್ಚುತ್ತಿದ್ದವರು ಹಾಗೇ ನಿಂತು ಕೇಳಿದರು. ನಾಲ್ಕನೆಯ ಸಲ ಸರಿಯಾಗಿ ಬಂತು. ಹುಡುಗಿ ಅಕ್ಕನ ಮುಖ ನೋಡಿದಳು.

ಅಕ್ಕ ನಗಲಿಲ್ಲ. ಇನ್ನೊಂದು ಸಲ ಎಂದು ಬೆರಳೆತ್ತಿದಳು.